ಎಡತೋಳಿಗೆ ಮೂರು, ಬಲತೋಳಿಗೆ ಎರಡು

ಆಕೆ ತೀರಿಕೊಂಡ ದಿನ ನಾಲ್ಕು ಊರುಗಳಲ್ಲಿ ಆಕೆಯನ್ನು ಬಲ್ಲವರು ಒಬ್ಬರೂ ಇರಲಿಲ್ಲ.

ಹೊನ್ನಾಳಿಯ ಕ್ಷೌರದಂಗಡಿಯಲ್ಲಿ ನಾನು ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದಾಗ ಸುದ್ದಿ ಬಂತು. ಬೆಂಚಿನ ಮೇಲಿದ್ದ ಮೂವರೂ ಒಟ್ಟಿಗೆ ಪತ್ರಿಕೆಯೊಳಗೆ ಮುಖ ಹುದುಗಿಸಿದರು. ಪತ್ರಿಕೆ ಇದ್ದದ್ದು ಒಂದೇ.

"ಯಾರಂತೆ?" ಎಂದರು ಒಬ್ಬರು.

"ಯಾರೋ ನಾಟಕದೋರಿರಬೇಕು" ಎಂದರು ಇನ್ನೊಬ್ಬರು.

"ಸಿನ್ಮಾದಾಕೆ ಅಂತೆ. ನಮಗೇನ್ ಗೊತ್ತಾಗ್ತತ್ರೀ, ನಾವು ಸಿನ್ಮಾ ನೋಡೋ ಪೈಕಿ ಅಲ್ಲ" ಎಂದರು ಮೂರನೆಯವರು.

ಕನ್ನಡಿಯ ಮೇಲುಗಡೆ ಗೋಡೆಯಲ್ಲಿ ಒಂದು ಚೌಕ ಮಾತ್ರ ಬೆಳ್ಳಗೆ ಉಳಿದಿತ್ತು. ಸುತ್ತಲಿನ ಸುಣ್ಣವೆಲ್ಲ ಮಾಸಿದ್ದರೂ ಅಷ್ಟು ಜಾಗ ಮಾಸಿರಲಿಲ್ಲ, ಏಕೆಂದರೆ ಅಲ್ಲಿ ಹಲವು ವರ್ಷ ಆಕೆಯ ಕ್ಯಾಲೆಂಡರು ತೂಗಿತ್ತು. ಕ್ಷೌರದವನು ಒಮ್ಮೆ ಆ ಚೌಕದತ್ತ ನೋಡಿದ, ಆಮೇಲೆ ನನ್ನ ಗಲ್ಲಕ್ಕೆ ಕತ್ತಿ ಇಟ್ಟ. ನಾನೂ ಬಾಯಿ ಬಿಡಲಿಲ್ಲ. ನನಗೆ ಕತ್ತಿಯ ನೆಪವಿತ್ತು. ಉಳಿದವರಿಗೆ ಅದೂ ಇರಲಿಲ್ಲ.

ಆಕೆಯ ಹೆಸರು ಬರೆಯುವುದಿಲ್ಲ. ಮೊದಲ ಕಾರಣ ನನ್ನ ಹೆದರಿಕೆ. ನಾನು ಮನೆಗೆ ಬೀಗ ಹಾಕಿ ಅರ್ಧ ದಾರಿಯಿಂದ ವಾಪಸು ಬಂದು ಬೀಗ ಎಳೆದು ನೋಡುವ ಜಾತಿಯ ಮನುಷ್ಯ. ಎರಡನೆಯ ಕಾರಣ, ಯಾವ ಹೆಸರು ಬರೆಯುವುದು? ತೊಟ್ಟಿಲಲ್ಲಿ ಇಟ್ಟದ್ದು ಒಂದು, ಪೋಸ್ಟರಿನಲ್ಲಿ ಇದ್ದದ್ದು ಇನ್ನೊಂದು, ಊರಿನ ಗಂಡಸರು ಬೀಡಿ ಸೇದುತ್ತ ಕರೆಯುತ್ತಿದ್ದದ್ದು ಬೇರೆಯೇ. ಮೂರರಲ್ಲಿ ಯಾವುದಕ್ಕೂ ಆಕೆ ತಕ್ಷಣ ತಿರುಗಿ ನೋಡುತ್ತಿರಲಿಲ್ಲ. "ಕರದೋರು ಇನ್ನೊಂದ್ಸಲ ಕರೀಲಿ, ಅವಸರ ಏನೈತೆ" ಅನ್ನುತ್ತಿದ್ದಳು.

ಟೆಂಟು ಸಿನಿಮಾಗಳ ಕಾಲದಲ್ಲಿ ನಾನು ಮನರಂಜನಾ ತೆರಿಗೆಯ ಗುಮಾಸ್ತ. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹೀಗೆ ವರ್ಗವಾದ ಕಡೆಯ ಟೂರಿಂಗ್ ಟೆಂಟುಗಳಿಗೆ ಹೋಗಿ, ಒಳಗಿರುವ ತಲೆಗೂ ಹರಿದ ಟಿಕೆಟ್ಟಿಗೂ ತಾಳೆ ಬೀಳುತ್ತದೆಯೇ ನೋಡುವುದು ನನ್ನ ಕೆಲಸ. ಅಂದರೆ ದಿನವೂ ಸಿನಿಮಾ ನೋಡುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ಬೇರೆ ಯಾರಾಗಿದ್ದರೂ ಸುಖಪಡುತ್ತಿದ್ದರು. ನಾನು ಟೆಂಟಿಗೆ ಬೆಂಕಿ ಬಿದ್ದರೆ ಯಾವ ಕಡೆ ಓಡುವುದು, ಗಾಳಿಗೆ ಕಂಬ ಕಿತ್ತರೆ ಯಾರ ಮೇಲೆ ಬೀಳುತ್ತದೆ, ಪರಿಚಯದವರು ಕಂಡರೆ ಏನು ಹೇಳುವುದು ಎಂದು ಯೋಚಿಸುತ್ತ ಬಾಗಿಲ ಹತ್ತಿರ ನಿಂತಿರುತ್ತಿದ್ದೆ. ನಮ್ಮ ತಾಯಿ ಓಣಿಯವರಿಗೆ ನಾನು "ಕಂದಾಯದ ಕೆಲಸದಾಗೆ" ಇದ್ದೇನೆ ಎಂದು ಹೇಳಿದ್ದರು.

ಆಕೆಯನ್ನು ಮೊದಲು ಕಂಡದ್ದು ಜಗಳೂರಿನ ಟೆಂಟಿನ ಮುಂದೆ, ಮಟಮಟ ಮಧ್ಯಾಹ್ನದಲ್ಲಿ. ಕುಕ್ಕುರುಗಾಲಲ್ಲಿ ಕೂತು, ಮೈದಾಹಿಟ್ಟಿನ ಅಂಟು ಸವರಿ, ತನ್ನದೇ ಪೋಸ್ಟರುಗಳ ಮೇಲೆ ಕಪ್ಪು ಕಾಗದದ ಪಟ್ಟಿ ಅಂಟಿಸುತ್ತಿದ್ದಳು. ಆ ಕಾಲದಲ್ಲಿ ಪೋಸ್ಟರು ಅಸಭ್ಯವಾಗಿದೆ ಎಂದು ಊರಿನವರು ತಕರಾರು ತೆಗೆದರೆ ಟೆಂಟಿನವರು ಹೀಗೆ ಪಟ್ಟಿ ಬಡಿದು ಮುಚ್ಚುತ್ತಿದ್ದರು. ನಾನು ಬಗ್ಗಿ ನೋಡಿದೆ. ಪಟ್ಟಿಯ ಕೆಳಗೆ ಇದ್ದದ್ದು ಕತ್ತಿನವರೆಗೆ ಸೆರಗು ಹೊದ್ದ ಹತ್ತಿ ಸೀರೆ.

"ಇದರಾಗೆ ಮುಚ್ಚಾಕೆ ಏನೂ ಇಲ್ಲವಲ್ರೀ?"

"ಇಲ್ಲ ಅಂತ ನಿಮಗ್ಗೊತ್ತು, ನನಗ್ಗೊತ್ತು. ಊರಿಗೆ ಗೊತ್ತಾದ್ರೆ ಟೆಂಟಿಗೆ ಯಾರ್ ಬರ್ತಾರೆ? ನಿಂತು ನೋಡೋ ಬದ್ಲು ಆ ಅಂಟಿನ ಡಬ್ಬಿ ಹಿಡ್ಕಳ್ರಿ."

ಹಿಡಿದುಕೊಂಡೆ. ಸರ್ಕಾರಿ ನೌಕರನ ಕೈಗೆ ಮೈದಾ ಅಂಟು ಮೆತ್ತಿದ್ದನ್ನು ಕಂಡು ಯಾರಾದರೂ ಮೇಲಕ್ಕೆ ಬರೆದರೆ ಎಂದು ಆಮೇಲೆ ಎಷ್ಟೋ ದಿನ ನಿದ್ದೆ ಬರಲಿಲ್ಲ.

ಆ ಚಿತ್ರದಲ್ಲಿ ಕಪ್ಪು ಪಟ್ಟಿಗೆ ಯೋಗ್ಯವಾದ ದೃಶ್ಯ ಒಂದೂ ಇರಲಿಲ್ಲ. ಆದರೆ ನೋಡಿ ಬಂದವರು ಮೋಸಹೋದೆವು ಎಂದು ಒಬ್ಬರೂ ಹೇಳಲಿಲ್ಲ. "ಇವತ್ತು ಆ ತೆರಿಗೆಯೋನು ಬಾಗ್ಲಾಗೆ ನಿಂತಿದ್ದ, ಅದಕ್ಕೇ ಕತ್ತರಿಸಿಬಿಟ್ರು" ಎಂದು ನನ್ನ ಕಡೆ ಕೆಟ್ಟ ಕಣ್ಣು ಬಿಟ್ಟು, ಮಾರನೆಯ ದಿನ ಮತ್ತೆ ಬರುತ್ತಿದ್ದರು. ದೇವರ ವಿಷಯದಲ್ಲೂ ನಮ್ಮ ಜನಕ್ಕೆ ಅಷ್ಟು ನಂಬಿಕೆ ಇದ್ದದ್ದನ್ನು ನಾನು ಕಂಡಿಲ್ಲ.

ಆಕೆ ಸೊಕ್ಕೆಯ ಆಸುಪಾಸಿನ ಹಳ್ಳಿಯವಳು. ಮನೆಯಲ್ಲಿ ಹಿಟ್ಟಿಗಿಂತ ಬಾಯಿ ಹೆಚ್ಚು. ದಾವಣಗೆರೆಯಲ್ಲಿ ಚಿಕ್ಕಮ್ಮನ ಹತ್ತಿರ ಹೊಲಿಗೆ ಕಲಿತು, ಒಂದು ನಾಟಕ ಕಂಪನಿಗೆ ಉಡುಪು ಹೊಲಿಯಲು ಸೇರಿದಳು. ಮುಂದೆ ಹೇಗೆ ನಟಿಯಾದಿರಿ ಎಂದು ಕೇಳಿದ್ದೆ. ಸಿನಿಮಾದವರೆಲ್ಲ ಹೇಳುವಂತೆ ಯಾರೋ ನಿರ್ದೇಶಕರು ರಸ್ತೆಯಲ್ಲಿ ನೋಡಿ ಬೆರಗಾದರು ಎಂದೇನಾದರೂ ಹೇಳುತ್ತಾಳೆ ಎಂದುಕೊಂಡಿದ್ದೆ.

"ನಾಯಕಿ ಪಾರ್ಟಿನ ಡ್ರೆಸ್ಸು ಹೊಲಿಯಾಕೆ ಕೊಟ್ರು. ನಾನು ನನ್ನ ಅಳತೆಗೆ ಹೊಲಿದೆ" ಅಂದಳು.

"ಮತ್ತೆ?"

"ಮತ್ತೇನು? ನಾಟಕದ ದಿನ ಆಯಮ್ಮನಿಗೆ ಹಿಡಿಸ್ಲಿಲ್ಲ. ಸಿಟ್ಟು ಮಾಡ್ಕಂಡು ಊರಿಗೆ ಹೋದ್ಲು. ಪರದೆ ಏಳಾಕೆ ಹೊತ್ತಾಗಿತ್ತು. ಡ್ರೆಸ್ಸು ಯಾರಿಗೆ ಆಗ್ತತೆ ನೋಡ್ರಿ ಅಂದೆ. ನನಗೇ ಆತು."

ಇಷ್ಟು ಹೇಳಿ ಹಲ್ಲಿನಿಂದ ದಾರ ಕಡಿದಳು. ಆಕೆಯ ಸೆರಗಿನ ಹೆಗಲಿನಲ್ಲಿ ದಾರ ಪೋಣಿಸಿದ ಒಂದು ಸೂಜಿ ಸದಾ ಚುಚ್ಚಿಕೊಂಡಿರುತ್ತಿತ್ತು. ಮಾತಾಡುತ್ತ ಟೆಂಟಿನ ಹರಕು ಹೊಲಿಯುವಳು, ಬೆಳ್ಳಿತೆರೆಯ ತೂತು ಹೊಲಿಯುವಳು, ಒಮ್ಮೆ ನನ್ನ ಅಂಗಿಯ ಗುಂಡಿಯನ್ನೂ ನಾನು ತೊಟ್ಟಿರುವಾಗಲೇ ಹಾಕಿಕೊಟ್ಟಳು. ಸೂಜಿ ಎದೆಯ ಹತ್ತಿರ ಬಂದಾಗಲೆಲ್ಲ ನಾನು ಕಣ್ಣು ಮುಚ್ಚುತ್ತಿದ್ದೆ. ಕಂಡವರು ಬೇರೆ ಅರ್ಥ ಮಾಡಿಕೊಂಡರು.

ಮದರಾಸಿಗೂ ಆಕೆ ಹೋದದ್ದು ಒಂದು ಟ್ರಂಕು ಬಟ್ಟೆಯ ಬಲದ ಮೇಲೆ. ಕಡಿಮೆ ಖರ್ಚಿನ ಚಿತ್ರ ತೆಗೆಯುವವರಿಗೆ ಕಳ್ಳಸಾಗಣೆದಾರನ ಪಕ್ಕ ನಿಲ್ಲಲು, ಹೋಟೆಲಿನಲ್ಲಿ ಕುಣಿಯಲು ಒಬ್ಬಳು ಬೇಕು. ಆದರೆ ಅವಳಿಗೆ ಬಟ್ಟೆ ಹೊಲಿಸಲು ದುಡ್ಡಿಲ್ಲ. "ಡ್ರೆಸ್ಸು ನನ್ದೇ ಐತೆ" ಅನ್ನುವ ಒಂದೇ ಮಾತಿಗೆ ಆಕೆಗೆ ಪಾರ್ಟು ಸಿಕ್ಕಿತು. ಅಭಿನಯ ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲವಂತೆ. ಚಿತ್ರ ನೋಡಿದರೆ ಅದು ಗೊತ್ತಾಗುತ್ತದೆ.

ಪ್ರತಿ ಚಿತ್ರದಲ್ಲೂ ಆಕೆ ಸಾಯುತ್ತಿದ್ದಳು. ನಾಯಕ ನಾಯಕಿಗೆ ತಾಳಿ ಕಟ್ಟುವ ಮೊದಲು ಇವಳು ಹೋಗಬೇಕು, ಅದು ಶಾಸ್ತ್ರ. ನಾಯಕನಿಗೆ ಬರುವ ಗುಂಡಿಗೆ ಅಡ್ಡ ಬೀಳುವುದು, ಬೆಟ್ಟದಿಂದ ಉರುಳುವುದು, ಹಾಲೆಂದು ವಿಷ ಕುಡಿಯುವುದು. "ಬಿದ್ದಾಗ ಸೀರೆ ಸರೀಬಾರ್ದು, ಅದಕ್ಕೆ ಒಳಗೆ ಹೊಲಿಗೆ ಹಾಕ್ಕಂತಿದ್ದೆ. ಸಾಯಾಕೂ ತಯಾರಿ ಬೇಕು ಸಾಹೇಬ್ರೇ" ಅನ್ನುತ್ತಿದ್ದಳು. ಒಂದೇ ಒಂದು ಚಿತ್ರದಲ್ಲಿ ಆಕೆ ಸಾಯಲಿಲ್ಲ. ಕರುಣೆಯಿಂದಲ್ಲ. ಆಕೆಯನ್ನು ಸಾಯಿಸುವ ದೃಶ್ಯದ ಹೊತ್ತಿಗೆ ನಿರ್ಮಾಪಕನ ಕೈ ಬರಿದಾಗಿತ್ತು. ಇದ್ದಷ್ಟಕ್ಕೆ ಶುಭಂ ಹಾಕಿ ಬಿಡುಗಡೆ ಮಾಡಿದ. ಓಡಲಿಲ್ಲ. ಆಕೆಗೆ ಸಂಭಾವನೆಯ ಬದಲು ಚಿತ್ರದ ಒಂದು ಪ್ರಿಂಟನ್ನೇ ಕೊಟ್ಟು ಕೈತೊಳೆದುಕೊಂಡ. ಬೇರೆಯವರಾಗಿದ್ದರೆ ಅತ್ತು ಕೂರುತ್ತಿದ್ದರು. ಇವಳು ಡಬ್ಬಿಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ನಮ್ಮ ಸೀಮೆಗೆ ಬಂದಳು. ಟೆಂಟಿನಿಂದ ಟೆಂಟಿಗೆ ಅದನ್ನೇ ಹೊತ್ತು, ಜಟಕಾದಲ್ಲಿ ಮೈಕು ಹಿಡಿದು ತಾನೇ ಕೂಗಿ, ಇಂಟರ್ವಲ್ಲಿನಲ್ಲಿ ತೆರೆಯ ಮುಂದೆ ನಿಂತು ಕೈಮುಗಿದು, ತನ್ನ ಫೋಟೋ ಕಾರ್ಡುಗಳನ್ನು ಮಾರಿ ಬದುಕಿದಳು. ನೆಲದ ಟಿಕೆಟ್ಟಿನವರು ಎದ್ದು ಬಂದು ಕೊಳ್ಳುತ್ತಿದ್ದರು. ಕುರ್ಚಿಯವರು ಆಳು ಕಳಿಸುತ್ತಿದ್ದರು.

ಟೆಂಟಿನ ಮುಂದೆ ಒಮ್ಮೆ ನಾನು ಗೌರವದಿಂದ "ಅಕ್ಕಾ" ಎಂದು ಕರೆದೆ. ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಒಳಗೆ ಏನ್ ಬೇಕಾದ್ರೂ ಅನ್ರಿ. ಬಾಗ್ಲಾಗೆ ಅಕ್ಕ ಅನ್ನಬ್ಯಾಡ್ರಿ, ಕಲೆಕ್ಷನ್ ಬೀಳ್ತತೆ."

ಕ್ಯಾಲೆಂಡರಿನ ಸಂಗತಿ ಹೇಳದೆ ಮುಂದೆ ಹೋಗಲಾರೆ. ಸೋಪಿನ ಪುಡಿ, ಬೀಡಿ, ಎತ್ತಿನ ಗಾಡಿಯ ಗ್ರೀಸು, ಎಲ್ಲದಕ್ಕೂ ಆಕೆ ಹೆಗಲ ಮೇಲಿಂದ ತಿರುಗಿ ನಕ್ಕಿದ್ದಾಳೆ. ಚನ್ನಗಿರಿಯ ಅಡಿಕೆ ಮಂಡಿಯ ಯಜಮಾನರೊಬ್ಬರು ಒಂದು ವರ್ಷ ತಮ್ಮ ಗಿರಾಕಿಗಳಿಗೆ ಆಕೆ ಅಡಿಕೆ ಗೊನೆ ಹಿಡಿದು ನಿಂತ ಕ್ಯಾಲೆಂಡರು ಹಂಚಿದರು. ನಲ್ಲೂರಿನ ಅಂಗಡಿಯಿಂದ ಹಿಡಿದು ಎಲ್ಲ ಕಡೆ ಆಕೆ ತೂಗಿದಳು. ಯಜಮಾನರ ತಾಯಿಗೆ ಕಣ್ಣು ಮಂಜು. ಕೈಯಲ್ಲಿ ಗೊನೆ ಹಿಡಿದ ಹೆಣ್ಣು ಧನಲಕ್ಷ್ಮಿಯಲ್ಲದೆ ಇನ್ಯಾರು ಎಂದು ದಿನವೂ ಕುಂಕುಮ ಇಟ್ಟು, ಊದುಬತ್ತಿ ಬೆಳಗಿದರು. ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಬರಲಿಲ್ಲ. ಆ ವರ್ಷ ಅಡಿಕೆಗೆ ಒಳ್ಳೆಯ ಧಾರಣೆ ಬಂತು. ಆಮೇಲೆ ಹೇಳುವ ಅಗತ್ಯವೂ ಉಳಿಯಲಿಲ್ಲ.

ಇದೇ ಯಜಮಾನರು ಊರಿನ ಮರ್ಯಾದೆ ಕಾಯುವ ಸಮಿತಿಗೂ ಅಧ್ಯಕ್ಷರು. ಪ್ರತಿ ವರ್ಷ ಟೆಂಟಿಗೆ ಬಂದು "ಇಂಥಾ ಚಿತ್ರ ನಮ್ಮೂರಾಗೆ ಬ್ಯಾಡ" ಎಂದು ಗುಡುಗುತ್ತಿದ್ದರು. ಆಕೆ ಕೈಮುಗಿದು ಕೇಳುತ್ತಿದ್ದಳು: "ಆಗ್ಲಿ ಗೌಡ್ರೇ. ಪೋಸ್ಟರಿಗೆ ಪಟ್ಟಿ ಹಚ್ಚಲೇನು?" ಅವರು "ಹಚ್ಚಮ್ಮ" ಅನ್ನುವರು. ಅವರು ಆಚೆ ಹೋದ ಮೇಲೆ ಆಕೆ ನನ್ನ ಕಡೆ ತಿರುಗಿ, "ಪಬ್ಲಿಸಿಟಿ ಆತು. ಇನ್ನು ಜಟಕಾ ಬಾಡಿಗೆ ಉಳೀತು" ಅನ್ನುವಳು.

ಆದರೆ ಆ ಪ್ರಿಂಟಿಗೆ ಒಂದು ರೋಗವಿತ್ತು. ಅದು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿತ್ತು.

ರೀಲು ಹರಿದರೆ ಟೆಂಟಿನ ಆಪರೇಟರು ಕೆಟ್ಟ ಭಾಗ ಕತ್ತರಿಸಿ ಉಳಿದದ್ದನ್ನು ಅಂಟಿಸುತ್ತಾನೆ. ಅದು ರೂಢಿ. ಆಕೆಯ ಚಿತ್ರ ಮಾತ್ರ ಎಲ್ಲ ಊರಲ್ಲೂ ಒಂದೇ ಕಡೆ ಹರಿಯುತ್ತಿತ್ತು. ಹಾಡಿನ ಹತ್ತಿರ. ಕತ್ತರಿಸಿದ ತುಂಡುಗಳು ಆಪರೇಟರನ ಜೇಬಿನಿಂದ ಸ್ನೇಹಿತರ ಜೇಬಿಗೆ, ಅಲ್ಲಿಂದ ಪರ್ಸು, ಕನ್ನಡಕದ ಡಬ್ಬಿ, ಲಾರಿಯ ಕನ್ನಡಿಗಳಿಗೆ ಹೋಗುತ್ತಿದ್ದವು. ಬಿಸಿಲಿಗೆ ಹಿಡಿದರೆ ಉಗುರಿನಗಲದ ಆಕೆ. ಹಾಡಿನ ಕೊನೆಗೆ ಆಕೆ ನಿಂತಲ್ಲೇ ಒಂದು ಸುತ್ತು ತಿರುಗಿ, ಹೆಗಲ ಮೇಲಿಂದ ನೋಡಿ ನಗುವುದಿತ್ತು. ಜನ ಶಿಳ್ಳೆ ಹೊಡೆಯುತ್ತಿದ್ದದ್ದು ಅದಕ್ಕೇ. ಅದೂ ಹೋಯಿತು. ಕೊನೆಕೊನೆಗೆ ಆಕೆ ಹಾಡಲು ಬಾಯಿ ತೆರೆಯುವಳು, ಮರುಕ್ಷಣ ಕೂತು ಕಾಫಿ ಕುಡಿಯುತ್ತಿರುವಳು. ನಾಲ್ಕು ಊರಿನ ಅಭಿಮಾನ ಆಕೆಯನ್ನು ಚೂರುಚೂರಾಗಿ ತಿಂದು ಮುಗಿಸಿತ್ತು.

ಎಂಬತ್ತರ ದಶಕದ ನಡುವೆ ವಿಡಿಯೋ ಬಂತು. ಟೆಂಟುಗಳು ಒಂದೊಂದಾಗಿ ಕಂಬ ಕಿತ್ತವು. ಆಕೆಗೆ ನಲವತ್ತು ದಾಟಿತ್ತು, ಸಾಯುವ ಪಾರ್ಟಿಗೂ ಯಾರೂ ಕರೆಯುತ್ತಿರಲಿಲ್ಲ. ಆಗ ದಾವಣಗೆರೆಯಿಂದ ಒಬ್ಬ ಕ್ಯಾಸೆಟ್ಟಿನ ವ್ಯಾಪಾರಿ ಬಂದ. ಚಿತ್ರವನ್ನು ವಿಡಿಯೋಗೆ ಇಳಿಸಿ ಊರೂರಿಗೆ ಹಂಚುತ್ತೇನೆ ಎಂದ. ನೋಡಿದ. ಮುಖ ಹುಳ್ಳಗಾಯಿತು.

"ಹಾಡೆಲ್ಲಿ ಅಕ್ಕಾ? ಆ ಗಿರ್ರನೆ ತಿರುಗೋದೆಲ್ಲಿ? ಅದಿಲ್ದಿದ್ರೆ ಕ್ಯಾಸೆಟ್ ಯಾರ್ ತಗಂತಾರೆ? ಅದನ್ನ ಹುಡುಕಿಡ್ರಿ, ತಿಂಗಳು ಬಿಟ್ಟು ಬರ್ತೀನಿ."

ಅವತ್ತು ಆಕೆ ತಮಾಷೆ ಮಾಡಲಿಲ್ಲ. ಚನ್ನಗಿರಿಯ ಟೆಂಟಿನ ಖಾಲಿ ಬೆಂಚಿನ ಮೇಲೆ ಕೂತು, "ಬಾಕಿ ಎಲ್ಲಾ ಪಿಕ್ಚರ್‌ನಾಗೂ ಸತ್ತೀನಿ ಸಾಹೇಬ್ರೇ. ಇದೊಂದರಾಗೆ ಬದುಕಿದೀನಿ. ಇದೂ ಹೋದ್ರೆ ನಾನು ಇದ್ದೆ ಅನ್ನಾಕೆ ಏನೈತೆ?" ಅಂದಳು. ನನ್ನ ಸ್ವಭಾವದಂತೆ "ಏನಾಗ್ತತೋ ಏನೋ" ಎಂದೆ. ಆಕೆ ನನ್ನನ್ನು ನೋಡಿ, ಎದ್ದು, ಜಟಕಾ ಕರೆಸಿದಳು.

ಆ ದಿನ ಸಂತೆ. ಜಟಕಾದ ಮೇಲಿನ ಹಾರನ್ನಿನಿಂದ ಬಂದ ಮಾತು ನನಗೆ ಇನ್ನೂ ಅಕ್ಷರಶಃ ನೆನಪಿದೆ.

"ಮಹಾಜನರೇ, ನನ್ನ ಹಾಡಿನ ತುಂಡು ಯಾರ್ಯಾರ ಹತ್ರ ಅದಾವೋ, ದಯಮಾಡಿ ಟೆಂಟಿನ ಬಾಗ್ಲಾಗಿರೋ ಡಬ್ಬಿಗೆ ತಂದು ಹಾಕ್ರಿ. ಹೆಸರು ಕೇಳಂಗಿಲ್ಲ, ಮುಖ ನೋಡಂಗಿಲ್ಲ. ಬರ್ಲಿಲ್ಲ ಅಂದ್ರೆ ನಾನೇ ಮನೆಮನೆಗೆ ಬಂದು ನಿಮ್ಮ ಹೆಂಡ್ರ ಹತ್ರ ಕೇಳ್ತೀನಿ."

ಕೊನೆಯ ವಾಕ್ಯ ಕೆಲಸ ಮಾಡಿತು.

ಡಾಲ್ಡಾ ಡಬ್ಬಿಯ ಮುಚ್ಚಳಕ್ಕೆ ಹುಂಡಿಯ ಹಾಗೆ ಸೀಳು ಮಾಡಿ ಇಟ್ಟಿದ್ದಳು. "ನೀವು ಪಕ್ಕ ಕುಂದ್ರಿ. ಸರ್ಕಾರದೋರು ಅಂದ್ರೆ ಜನಕ್ಕೆ ನಂಬಿಕೆ ಬರ್ತತೆ" ಎಂದು ನನ್ನನ್ನು ಕೂರಿಸಿದಳು. ಮುಖ ನೋಡುವುದಿಲ್ಲ ಎಂದು ಮಾತು ಕೊಟ್ಟಾಗಿತ್ತಲ್ಲ, ನಾನು ಗೋಡೆಯ ಕಡೆ ತಿರುಗಿ ಕೂತೆ. ಆದರೆ ನೆಲ ಕಾಣುತ್ತಿತ್ತು. ಚಪ್ಪಲಿಗಳಿಗೂ ಮುಖವಿರುತ್ತದೆ ಎಂದು ನನಗೆ ಆವತ್ತು ಗೊತ್ತಾಯಿತು. ನನ್ನ ಮೇಲಧಿಕಾರಿ ಎಡಗಾಲಿನ ಚಪ್ಪಲಿಗೆ ಹೊಸ ಅಟ್ಟೆ ಹಾಕಿಸಿದ್ದರು. ಒಬ್ಬರು ತುಂಡು ಹಾಕಿ, ಸೀಳು ಕಂಡ ಅಭ್ಯಾಸಬಲದಿಂದ ಒಂದು ನಾಣ್ಯವನ್ನೂ ಹಾಕಿ ಕೈಮುಗಿದರು. ಇನ್ನೊಬ್ಬರು "ರಸೀದಿ ಕೊಡ್ತೀರೇನ್ರೀ?" ಎಂದರು. ಜೀರ್ ಜೀರ್ ಅನ್ನುವ ಜೋಡೊಂದು ಬಂದು ಬಹಳ ಹೊತ್ತು ನಿಂತು, ಕೆಮ್ಮಿ, ಒಂದಲ್ಲ, ಒಂದು ಕಂತೆ ಹಾಕಿ ಹೋಯಿತು. ಚನ್ನಗಿರಿಯಲ್ಲಿ ಹಾಗೆ ಸದ್ದು ಮಾಡುವ ಜೋಡು ಒಂದೇ. ಅದು ಸಮಿತಿಯ ಅಧ್ಯಕ್ಷತೆ ವಹಿಸುತ್ತಿತ್ತು.

ಜಗಳೂರು, ಹೊನ್ನಾಳಿ, ನ್ಯಾಮತಿಗಳಲ್ಲೂ ಇದೇ ಕೂಗು, ಇದೇ ಡಬ್ಬಿ. ಎಲ್ಲ ತುಂಬಿಸಿ ತಂದು, ಬಿಸಿಲಲ್ಲಿ ಬಿಳೀ ಪಂಚೆ ಹಾಸಿ, ಆಕೆಯೂ ಆಕೆಯ ಜೊತೆ ಪ್ರಿಂಟು ಹೊತ್ತು ತಿರುಗುತ್ತಿದ್ದ ಮುದಿ ಆಪರೇಟರೂ ಆರಿಸಲು ಕೂತರು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ತನ್ನದಲ್ಲದ ತುಂಡು ಸಿಕ್ಕಾಗಲೆಲ್ಲ ಆಕೆಗೆ ಸಿಟ್ಟು ಬರುತ್ತಿತ್ತು.

"ನೋಡ್ರಿ ಇಲ್ಲಿ, ಇದು ನಾನಲ್ಲ. ಆ ಮದ್ರಾಸಿನಾಕಿ ಕಾಲು. ಚನ್ನಗಿರಿಯೋರನ್ನ ನಂಬಿದ್ದೆ. ನನ್ನ ಜೊತೆ ಇವಳನ್ನೂ ಇಟ್ಕಂಡಿದ್ರಲ್ಲ!"

ಆಮೇಲೆ ಇದ್ದಕ್ಕಿದ್ದಂತೆ ನನ್ನತ್ತ ತಿರುಗಿ, "ನಿಮ್ದೆಲ್ಲಿ?" ಅಂದಳು.

"ನನ್ನ ಹತ್ರ ಇಲ್ಲ."

"ಒಂದೂ?"

"ಒಂದೂ ಇಲ್ಲ." ಶೀಲದಿಂದಲ್ಲ, ಸಿಕ್ಕಿಬಿದ್ದರೆ ಎಂಬ ಭಯದಿಂದ. ಆದರೂ ಹೇಳುವಾಗ ಸ್ವಲ್ಪ ಎದೆ ಸೆಟೆಸಿದೆ.

ಆಕೆ ಕೈಯಲ್ಲಿದ್ದ ತುಂಡು ಕೆಳಗಿಟ್ಟಳು. "ಇಷ್ಟ್ ವರ್ಷ ನಿತ್ಯ ಬಂದು ನೋಡಿ ಒಂದ್ ತುಂಡೂ ಕದ್ದಿಲ್ಲ. ಊರಾಗೆ ಯಾರೂ ಮಾಡದಂಥ ಅವಮಾನ ಮಾಡಿದ್ರಿ ನೋಡ್ರಿ."

ಹಾಡು ಹೆಚ್ಚುಕಡಿಮೆ ಕೂಡಿತು. ಒಂದೇ ಒಂದು ಸಿಗಲಿಲ್ಲ. ಆ ಕೊನೆಯ ಸುತ್ತು. ಆಪರೇಟರು ತಲೆ ಕೆರೆದುಕೊಂಡು, "ಅದು ನ್ಯಾಮತಿಯಾಗೆ ಹೋತು ಅಕ್ಕ. ಅಲ್ಲಿನ ಆಪರೇಟರ್ ಒಂದು ಅಂಗಿ ಹೊಲಿಸ್ಕಂಡು, ಕೂಲಿ ಬದ್ಲು ಆ ಉದ್ದನೆ ತುಂಡನ್ನೇ ಟೈಲರಿಗೆ ಕೊಟ್ನಂತೆ" ಎಂದ.

"ಟೈಲರಿಗೆ ಅಷ್ಟುದ್ದ ಯಾಕೆ ಬೇಕಾತು? ಎಲ್ಲಾರಿಗೂ ಒಂದು ಸಾಕಾಗ್ತತೆ" ಎಂದು ಆಕೆ ಗೊಣಗಿದಳು. ಕ್ಯಾಸೆಟ್ಟಿನವನು ಬರಲು ಎರಡು ದಿನ ಉಳಿದಿತ್ತು.

ನ್ಯಾಮತಿ ನನ್ನ ಹೆಂಡತಿಯ ತವರು. ಬೀದಿಯಲ್ಲಿ ಮಾವನವರು ಎದುರಾದರೆ ಎಂದು ನಾನು ಬಸ್ಸು ಇಳಿದಾಗಿನಿಂದ ಆಕೆಯ ಹಿಂದೆ ಹತ್ತು ಮಾರು ದೂರದಲ್ಲಿ ನಡೆದೆ. ಆಕೆ ನಡುಬೀದಿಯಲ್ಲಿ ನಿಂತು, "ಲಗೂನ ಬರ್ರಿ ಸಾಹೇಬ್ರೇ, ಕಾಲಿಗೇನಾತು?" ಎಂದು ಕೂಗಿದಳು. ಆಕೆಯ ದನಿಗೆ ಮೈಕು ಬೇಕಾಗಿರಲಿಲ್ಲ.

ಟೈಲರು ಐವತ್ತರ ಆಸಾಮಿ, ಕೊರಳಿಗೆ ಟೇಪು. ಆಕೆಯನ್ನು ಕಂಡವನೇ ಮಿಷನ್ನು ಬಿಟ್ಟು ಎದ್ದು ನಿಂತ. ಮುಖ ನೋಡಲಿಲ್ಲ, ಹೆಗಲು ನೋಡಿದ.

"ಬರ್ರಿ ಅಕ್ಕಾ. ಎಡಹೆಗಲು ಒಂಚೂರು ಇಳದತೆ ನಿಮ್ದು. ನನಗ್ಗೊತ್ತು."

ಕೇಳುವ ಮೊದಲೇ ಸೂಜಿಯ ಡಬ್ಬಿಯಿಂದ ಮಲ್ಲುಬಟ್ಟೆಯಲ್ಲಿ ಸುತ್ತಿದ್ದ ಆ ತುಂಡನ್ನು ತೆಗೆದ. ಒಂದು ಗೀರೂ ಬಿದ್ದಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು, ಗಡಿಯಾರದವರ ಮಸೂರ ಇಟ್ಟು ತೋರಿಸಿದ. "ನೋಡ್ರಿ, ಇಲ್ಲಿ ಮುಂದ್ಲಿಂದ. ಇಲ್ಲಿ ಪಕ್ಕದಿಂದ. ಇಲ್ಲಿ ಹಿಂದ್ಲಿಂದ. ರವಿಕೆ ನಾಕೂ ಕಡೆಯಿಂದ ಕಾಣ್ತತೆ. ಇಂಥದ್ದು ಯಾವ ಪುಸ್ತಕದಾಗೆ ಸಿಗ್ತತೆ ಅಕ್ಕಾ? ಇಲ್ಲಿ ಮದುವೆ ಹೆಣ್ಣುಗಳಿಗೆಲ್ಲ ಇದನ್ನೇ ನೋಡಿ ಹೊಲಿತೀನಿ. ನಾನು ಹೊಲಿದದ್ದು ನೋಡಿ ಹೊನ್ನಾಳಿಯೋರು, ಅವರದ್ದು ನೋಡಿ ಚನ್ನಗಿರಿಯೋರು."

ಆಕೆ ಬಗ್ಗಿ ಮಸೂರಕ್ಕೆ ಕಣ್ಣಿಟ್ಟಳು. ಅಷ್ಟರಲ್ಲಿ ಒಬ್ಬ ತಾಯಿ ಮದುವೆಯ ಮಗಳನ್ನು ಕರೆದುಕೊಂಡು ಒಳಗೆ ಬಂದರು. ಆಕೆಯನ್ನು ಇನ್ನೊಬ್ಬ ಗಿರಾಕಿ ಎಂದುಕೊಂಡು ಬದಿಗೆ ಸರಿಸಿ, ಟೈಲರಿಗೆ ಕೆಂಪು ಪತ್ತಲದ ರವಿಕೆ ತುಂಡು ಕೊಟ್ಟರು.

"ಬುಗ್ಗೆ ತೋಳು ಇಡಪ್ಪಾ. ನೆರಿಗೆ ಎಡತೋಳಿಗೆ ಮೂರು, ಬಲತೋಳಿಗೆ ಎರಡು. ಮರೀಬ್ಯಾಡ."

ಆಕೆ ತಲೆ ಎತ್ತಿದಳು. "ಅದ್ಯಾಕವ್ವಾ ಹಂಗೆ? ಎರಡೂ ತೋಳಿಗೆ ಒಂದೇ ಸಮ ಇರಬಾರ್ದೇನು?"

ಆ ತಾಯಿ ಆಕೆಯನ್ನು ಮೇಲಿಂದ ಕೆಳಗೆ ನೋಡಿದರು, ಪಾಪ, ಸಂಸ್ಕಾರವಿಲ್ಲದವಳು ಎಂಬಂತೆ. "ಹಂಗೆಲ್ಲ ಇಡಾಕೆ ಬರಲ್ಲಮ್ಮ. ಎಡ ಅಂದ್ರೆ ಹೆಣ್ಣಿನ ಕಡೆ. ಮುತ್ತೈದೆತನಕ್ಕೆ ಅಂತ ಒಂದ್ ನೆರಿಗೆ ಹೆಚ್ಚು. ನಮ್ಮ ಕಡೆ ಮೊದ್ಲಿಂದ್ಲೂ ಅದೇ ಪದ್ಧತಿ."

ಅವರು ಅಳತೆ ಕೊಟ್ಟು ಹೋಗುವವರೆಗೆ ಆಕೆ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಹೋದ ಮೇಲೆ ನಗು ಒಡೆಯಿತು. ಮಿಷನ್ನಿನ ಮೇಲೆ ತಲೆ ಇಟ್ಟು ನಕ್ಕಳು. ಕಣ್ಣು ಒರೆಸಿಕೊಂಡು, ಮತ್ತೆ ನಕ್ಕಳು.

"ಮುತ್ತೈದೆತನ! ಅಯ್ಯೋ ನಮ್ಮಪ್ಪಾ. ಆ ರವಿಕೆ ಹೊಲಿದೋಳು ನಾನು ಕಣ್ರೀ. ಬಟ್ಟೆಗೆ ದುಡ್ಡಿರ್ಲಿಲ್ಲ. ಮದ್ರಾಸಿನಾಗೆ ನಾನಿದ್ದ ಲಾಡ್ಜಿನ ಕಿಟಕಿ ಪರದೆ ಬಿಚ್ಚಿ ಕತ್ತರಿಸಿದೆ. ಬಲಗಡೆ ತೋಳಿಗೆ ಬಟ್ಟೆ ಸಾಲ್ಲಿಲ್ಲ. ಎರಡೇ ನೆರಿಗೆ ಬಂತು!"

ಟೈಲರು ಕೊರಳ ಟೇಪು ಹಿಡಿದುಕೊಂಡು ಬಹಳ ಹೊತ್ತು ಯೋಚಿಸಿದ. ಆಮೇಲೆ, "ಇರ್ಲಿ ಅಕ್ಕಾ, ಈಗೇನೂ ಮಾಡಾಕೆ ಬರಲ್ಲ" ಎಂದ. ತುಂಡನ್ನು ಮಲ್ಲುಬಟ್ಟೆಯಲ್ಲಿ ಸುತ್ತಿ ಎರಡೂ ಕೈಯಿಂದ ಆಕೆಯ ಮುಂದೆ ಹಿಡಿದ. "ನಿಮ್ದು. ತಗಳ್ರಿ."

ಆಕೆ ತೆಗೆದುಕೊಂಡಳು. ಕಿಟಕಿಯ ಹತ್ತಿರ ಹೋಗಿ ಇನ್ನೊಮ್ಮೆ ನೋಡಿದಳು. ನಗು ನಿಂತಿತ್ತು. ವಾಪಸು ಬಂದು ಅದನ್ನು ತಾನೇ ಸೂಜಿಯ ಡಬ್ಬಿಯಲ್ಲಿ ಇಟ್ಟು ಮುಚ್ಚಳ ಹಾಕಿದಳು.

ನಾನು ಡಬ್ಬಿಯ ಕಡೆ ಕೈ ತೋರಿಸಿದೆ. "ಅಕ್ಕಾ, ನಾಡಿದ್ದು ಕ್ಯಾಸೆಟ್‌ನೋನು ಬರ್ತಾನೆ. ಅದಿಲ್ದಿದ್ರೆ ಪಿಕ್ಚರ್ ತಗಳಲ್ಲ ಅಂದಾನೆ. ಪೂರ್ತಿ ಹೋಗಿಬಿಡ್ತತೆ!"

"ಕ್ಯಾಸೆಟ್ ಯಾರ್ ನೋಡ್ತಾರೆ ಸಾಹೇಬ್ರೇ? ಗಂಡಸ್ರು. ಬಾಗ್ಲು ಚಿಲಕ ಹಾಕಿ ನೋಡ್ತಾರೆ, ಮಾರನೇ ದಿನ ಗೊತ್ತಿಲ್ಲ ಅಂತಾರೆ. ಅದು ನಂಗೇನ್ ಹೊಸದು? ಇದನ್ನ ತೊಟ್ಟು ಹೆಣ್ಮಕ್ಳು ಚಪ್ಪರದಾಗೆ ಊರೆಲ್ಲ ನೋಡಂಗೆ ಕುಂತಾರಂತೆ. ಇಲ್ಲೇ ಇರ್ಲಿ ಬಿಡ್ರಿ."

ಟೈಲರು ನನ್ನನ್ನು ಗಮನಿಸಿ ನೋಡಿದ್ದು ಆಗಲೇ. "ನೀವು ಆ ಓಣಿ ಅಳಿಯಂದ್ರಲ್ಲೇನ್ರಿ? ನಿಮ್ಮ ಮನೆಯೋರ ಮದುವೆ ರವಿಕೆನೂ ನಾನೇ ಹೊಲಿದದ್ದು!"

ಆಕೆ ನಿಧಾನವಾಗಿ ನನ್ನ ಕಡೆ ತಿರುಗಿದಳು. ಆ ಮುಖವನ್ನು ಯಾವ ಕ್ಯಾಲೆಂಡರಿನಲ್ಲೂ ಹಾಕಿಲ್ಲ. "ಒಂದೂ ಇಲ್ಲ ಅಂದ್ರಿ?" ಅಂದಳು.

ಅವತ್ತು ಮನೆಗೆ ಬಂದು ಗೋಡೆಯ ಮೇಲಿನ ನಮ್ಮ ಮದುವೆಯ ಫೋಟೋವನ್ನು ಸ್ಟೂಲು ಹತ್ತಿ ನೋಡಿದೆ. ಪಕ್ಕದಲ್ಲಿ ನಾನು, ಚಪ್ಪರ ಬಿದ್ದರೆ ಎಂಬ ಮುಖ ಹೊತ್ತು. ನನ್ನ ಹೆಂಡತಿ ನೆಟ್ಟಗೆ ಕೂತಿದ್ದಾಳೆ. ಎಡಕ್ಕೆ ಮೂರು, ಬಲಕ್ಕೆ ಎರಡು.

ಕ್ಯಾಸೆಟ್ಟಿನವನು ಬಂದ, ನೋಡಿದ, ಹೋದ. ಆಕೆ ಹೊನ್ನಾಳಿಯಲ್ಲಿ ಒಂದು ಕೋಣೆ ಹಿಡಿದು ಹೊಲಿಗೆ ಮಿಷನ್ನು ಹಾಕಿದಳು. ರೀಲಿನ ಡಬ್ಬಿಗಳಲ್ಲಿ ಹಪ್ಪಳ ಇಡುತ್ತಿದ್ದಳು, ಗಾಳಿಯಾಡುವುದಿಲ್ಲ, ಗರಿಗರಿಯಾಗಿರುತ್ತವೆ ಎಂದು. ನಾನೂ ಕೊನೆಗೆ ಅದೇ ಊರಿಗೆ ವರ್ಗವಾಗಿ ಬಂದೆ. ಎದುರಾದಾಗಲೆಲ್ಲ "ಮನೆಯೋರ ತೋಳು ಹೆಂಗದಾವ್ರೀ?" ಎಂದು ಬೀದಿಯಲ್ಲೇ ಕೇಳುವಳು. ನಾನು ಸುತ್ತಮುತ್ತ ನೋಡಿ "ಚೆನ್ನಾಗದಾವೆ" ಅನ್ನುತ್ತಿದ್ದೆ.

ಸುದ್ದಿ ಬಂದ ದಿನ ಅರ್ಧ ಬೋಳಿಸಿದ ಗಡ್ಡದಲ್ಲೇ ಮನೆಗೆ ಬಂದೆ. ಹೆಂಡತಿ ಬಾಗಿಲಲ್ಲೇ ಒಂದು ಚೀಲ ಕೊಟ್ಟಳು. ಅದರಲ್ಲಿ ರವಿಕೆಯ ಬಟ್ಟೆ, ಅಳತೆಗೆ ಒಂದು ಹಳೆಯ ರವಿಕೆ. ಅವಳ ಅಕ್ಕನ ಮಗಳ ಮದುವೆ ಹತ್ತಿರ ಬಂದಿತ್ತು. "ನ್ಯಾಮತಿ ಟೈಲರಿಗೇ ಮುಟ್ಟಿಸ್ರಿ. ಎಡಕ್ಕೆ ಮೂರು, ಬಲಕ್ಕೆ ಎರಡು ಅಂತ ಹೇಳ್ರಿ. ಇಲ್ಲಿ ಈಗಿನ ಟೈಲರುಗಳಿಗೆ ಪದ್ಧತಿ ಗೊತ್ತಿರಲ್ಲ."

"ಅದು ಎಲ್ಲಿಂದ ಬಂತು ಗೊತ್ತೇನು?" ಎಂದೆ.

"ಎಲ್ಲಿಂದ ಅಂದ್ರೆ? ನಮ್ಮಜ್ಜಿ ಕಾಲದ್ದು."

ಲಾಡ್ಜಿನ ಪರದೆಯ ಮಾತು ನಾಲಿಗೆಯ ತುದಿಗೆ ಬಂದು ವಾಪಸು ಹೋಯಿತು. ಚೀಲ ಹಿಡಿದುಕೊಂಡೇ ಆಕೆಯ ಕೋಣೆಯ ಕಡೆ ಹೊರಟೆ.

ಹೆಣದ ಹಿಂದೆ ನಾವು ಒಂದು ಹಿಡಿ ಜನ. ಮುದಿ ಆಪರೇಟರು, ಓಣಿಯ ನಾಲ್ಕಾರು ಹೆಂಗಸರು, ಸುದ್ದಿ ಕೇಳಿ ಮೊದಲ ಬಸ್ಸಿಗೆ ಬಂದಿದ್ದ ಟೈಲರು. ಬೀದಿಯ ಗಂಡಸರು ಅಂಗಡಿಗಳೊಳಗೆ ಬೆನ್ನು ತಿರುಗಿಸಿ ಏನೋ ಹುಡುಕುತ್ತಿದ್ದರು. ನಾವು ಚಹದಂಗಡಿ ದಾಟುವಾಗ ಜೋರಾಗಿ ಹಾಡುತ್ತಿದ್ದ ರೇಡಿಯೋ ತಟ್ಟನೆ ನಿಂತಿತು. ಯಾರು ಆರಿಸಿದರೋ ತಿಳಿಯಲಿಲ್ಲ. ಆಕೆಯನ್ನು ಬಲ್ಲವರಂತೂ ಅಲ್ಲಿ ಯಾರೂ ಇರಲಿಲ್ಲ.

ಮಣ್ಣು ಮಾಡಿ, ಹೊಳೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲಿ ಬಸ್‌ಸ್ಟ್ಯಾಂಡಿಗೆ ಬಂದೆವು. ಮದುವೆಯ ಬಟ್ಟೆಯನ್ನು ಇಂಥ ಹೊತ್ತಿನಲ್ಲಿ ಕೊಡುವುದು ಸರಿಯೇ, ಕೆಡುಕಾದರೆ, ಹೆಂಡತಿಗೆ ಗೊತ್ತಾದರೆ, ಎಂದು ನಾನು ಬಸ್ಸು ಬರುವವರೆಗೂ ಲೆಕ್ಕ ಹಾಕಿದೆ. ಬಸ್ಸು ಬಂತು. ಚೀಲ ಚಾಚಿದೆ. ಟೈಲರು ಮೆಟ್ಟಿಲ ಮೇಲೆ ನಿಂತೇ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ನೋಡಿದ.

"ಬಟ್ಟೆ ಧಾರಾಳ ಐತೆ" ಎಂದ. "ತೋಳು ಹೆಂಗಿಡ್ಲಿ?"

"ಪದ್ಧತಿ ಪ್ರಕಾರ" ಎಂದೆ.